ಒಂದು ಎಸ್ ಹೆಚ್ಚಾದ ದಿನ

ನಿನ್ನೆ ಐದನೇ ಕ್ಲಾಸಿನ ನೋಟ್ಸ್ ತಿದ್ದುತ್ತಿದ್ದೆ. ಒಂದು ಪುಟದಲ್ಲಿ ಒಂಟೆಯ ಚಿತ್ರ, ಅದರ ಕೆಳಗೆ ಒಂಟೆ ಡೆಸರ್ಟಿನಲ್ಲಿ ಇರುತ್ತದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಒಂದು ಎಸ್ ಬೇಕಾದಲ್ಲಿ ಮಗು ಎರಡು ಬರೆದಿತ್ತು. ಮರಳುಗಾಡು ಹೋಗಿ ಊಟದ ನಂತರದ ಸಿಹಿಯಾಗಿತ್ತು. ಕೆಂಪು ಪೆನ್ನು ಹಾಗೇ ನಿಂತಿತು... ಟೀಚರ್ ನೆನಪಾದರು.

ಕಾಪುವಿನ ಕನ್ನಡ ಶಾಲೆಯಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು ಅವರು. ಒಂದೇ ಥರ ಕಾಣುವ ಶಬ್ದಗಳೆಂದರೆ ನಮಗೆ ಅಳುವೇ ಬರುತ್ತಿತ್ತು. ಅವರು ಒಂದೊಂದಕ್ಕೂ ಒಂದು ಉಪಾಯ ಹೇಳಿಕೊಡುತ್ತಿದ್ದರು. "ಪಾಯಸ ಎರಡು ಸಲ ಬೇಕು ಅಲ್ವಾ? ಅದಕ್ಕೆ ಎರಡು ಎಸ್. ನಿಮ್ಮ ಅಪ್ಪಂದಿರು ದುಡಿಯುವ ಮರಳುಗಾಡಿಗೆ ಒಂದೇ ಸಾಕು." ಅರ್ಧ ಕ್ಲಾಸಿನ ಅಪ್ಪಂದಿರು ಗಲ್ಫಿನಲ್ಲಿದ್ದರು. ಎಲ್ಲರೂ ನಗುತ್ತಿದ್ದೆವು. ನಾನು ಇಂಗ್ಲಿಷ್ ಟೀಚರ್ ಆದದ್ದೇ ಅವರಿಂದ.

ಸೇರುವ ಮಕ್ಕಳಿಲ್ಲದೆ ಆ ಖಾಸಗಿ ಶಾಲೆ ಮುಚ್ಚಿತು. ಐವತ್ತು ದಾಟಿದ ಮೇಲೆ ಅವರು ಕೆಲಸ ಕೇಳಿಕೊಂಡು ಪರ್ಕಳದ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಗೆ ಬಂದರು. ನಾನಲ್ಲಿ ಸೇರಿ ಆರು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವರ ಡೆಮೊ ಕ್ಲಾಸ್ ನೋಡಲು ನನ್ನನ್ನು ಸಂಚಾಲಕರ ಪಕ್ಕದಲ್ಲಿ ಕೂರಿಸಿದ್ದರು. ಕೊಟ್ಟ ಪಾಠ ಮರಳುಗಾಡಿನ ಪ್ರಾಣಿಗಳದ್ದು. ಟೀಚರ್ ಬೋರ್ಡಿನತ್ತ ತಿರುಗಿದರು. ಜಾರಿ ಬಿದ್ದ ಚಾಕನ್ನು ಹೆಕ್ಕಿಕೊಂಡರು. ದೊಡ್ಡ ಅಕ್ಷರಗಳಲ್ಲಿ ಪಾಠದ ಹೆಸರು ಬರೆದರು. ಎರಡು ಎಸ್.

"ಕ್ಯಾಮಲ್ ಕೇಕ್!" ಎಂದು ಒಬ್ಬಳು ಕೂಗಿದಳು. ಕ್ಲಾಸು ಗೊಳ್ಳೆಂದಿತು. ಸಂಚಾಲಕರೂ ನಕ್ಕರು. ನನ್ನ ಕಡೆ ಬಾಗಿ, "ಇವರು ನಿಮ್ಮ ಕಾಪುವಿನವರಲ್ವಾ? ಗೊತ್ತುಂಟಾ?" ಎಂದರು, ಬೋರ್ಡಿನವರೆಗೂ ಕೇಳುವಂತೆ.

ಹೆದರಿ ತಪ್ಪಿದ್ದಾರೆ, ನನಗೆ ಇದನ್ನೇ ಕಲಿಸಿದವರು ಇವರು ಎನ್ನಬಹುದಿತ್ತು. ಅಷ್ಟೇ ಸಾಕಿತ್ತೇನೋ...

"ಇಲ್ಲ ಸರ್, ಗೊತ್ತಿಲ್ಲ," ಎಂದೆ.

ಟೀಚರ್ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಒಂದು ಎಸ್ ಅನ್ನು ಬೆರಳಿನಿಂದ ಒರೆಸಿ, ಪಾಠವನ್ನು ಕೊನೆಯವರೆಗೂ ಮಾಡಿದರು. ಹೊರಡುವಾಗ ವರಾಂಡದಲ್ಲಿ ಎದುರಾದರು. 'ಎಂತ ಮಗಾ' ಎಂದೇ ನನ್ನನ್ನು ಮಾತಾಡಿಸುತ್ತಿದ್ದವರು ಕೈ ಮುಗಿದರು. "ಬರ್ತೇನೆ ಮೇಡಂ," ಎಂದರು.

ಕೆಲಸ ಸಿಗಲಿಲ್ಲ. ಉಡುಪಿಯ ಬಟ್ಟೆಯಂಗಡಿಯೊಂದರಲ್ಲಿ ಸೀರೆ ಮಡಚುತ್ತಿದ್ದಾರೆಂದು ಯಾರೋ ಹೇಳಿದರು. ನಾನು ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟೆ.

ಕಳೆದ ವರ್ಷ ತೀರಿಕೊಂಡರು. ಮನೆಗೆ ಹೋದಾಗ ಅವರ ಮಗಳು ನನ್ನ ಗುರುತು ಹಿಡಿದಳು. "ಪರ್ಕಳದವರು ನೀವೇ ಅಲ್ವಾ? 'ನನ್ನ ಹುಡುಗಿ ದೊಡ್ಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸ್ತಾಳೆ' ಅಂತ ಅಮ್ಮ ಎಲ್ಲರಿಗೂ ಹೇಳ್ತಿದ್ರು," ಎಂದು ಚಹಾ ಕೊಟ್ಟಳು. ಕುಡಿದು ಬಂದೆ.

ಈಗ ಡೆಮೊ ಕ್ಲಾಸಿಗೆ ಬಂದವರು ತಡವರಿಸಿದರೆ ಅವರ ಪರವಾಗಿ ಮೊದಲು ಮಾತಾಡುವವಳು ನಾನೇ. ಒಳ್ಳೆಯವಳು ಎನ್ನುತ್ತಾರೆ. ಕೆಲಸ ಕಾಯಂ ಆದ ಮೇಲೆ ಬಂದ ಒಳ್ಳೆಯತನ ಇದು. ಟೀಚರಿಗೆ ಸಿಗಲಿಲ್ಲ.