ಕವಳ ಮುಗಿಯುವಷ್ಟರಲ್ಲಿ

ಶಿರಸಿ ಪೇಟೆಯಲ್ಲಿ ನನ್ನ ಭಾವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು, ನಾನೂ ಅಲ್ಲೇ ಅವನ ಸಹಾಯಕ್ಕಿದ್ದೆ. ಅಕ್ಕನ ಗಂಡ ಎಂದು ಹೊಗಳುವುದಲ್ಲ, ಒಳ್ಳೆಯ ಕೈ. ಆದರೆ ಆ ಕೈ ಪಳಗಿದ್ದು ಒಂದೇ ಕಂಪನಿಯ ಚಿಪ್‌ಗೆ. ಅದನ್ನು ಅವನು ಮನೆಯ ಆಕಳಿನಂತೆ ‘ನಮ್ಮದು’ ಎನ್ನುತ್ತಿದ್ದ. ಎದುರಾಳಿ ಕಂಪನಿಯದು ಅಗ್ಗ, ವೇಗವೂ ಹೆಚ್ಚು ಎಂದು ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಹೊರಳಿದರು. ರಸ್ತೆಯಾಚೆ ಅದನ್ನೇ ಮಾರುವ ಅಂಗಡಿಯೂ ಎದ್ದಿತು. ಎಲ್ಲೋ ದೂರದ ಎರಡು ಕಂಪನಿಗಳ ಜಿದ್ದು ನಮ್ಮ ಬಾಗಿಲಿಗೆ ಬಂದದ್ದು ಹೀಗೆ.

ಉಳಿದ ದೊಡ್ಡ ಗಿರಾಕಿಯೆಂದರೆ ಸಿದ್ದಾಪುರದ ಸ್ಟುಡಿಯೋದ ಯಜಮಾನರು. ಮದುವೆ ವಿಡಿಯೋ ಮಾಡುವ ಅವರ ಕಂಪ್ಯೂಟರುಗಳ ಮೇಲೇ ಅಂಗಡಿ ನಿಂತಿತ್ತು. ಒಂದು ದಿನ ಅವರೂ ಎದುರಾಳಿಯ ಚಿಪ್ ಇದ್ದ ಯಂತ್ರವನ್ನೇ ಹೊತ್ತು ತಂದರು.

“ಬೆಂಕಿ ಹಂಗೆ ಕಾಯ್ತದೆ ಮಾರಾಯ್ರೆ. ನಿಮ್ಮ ಕೈಯಲ್ಲಿ ಆಗ್ತದಾ? ಇಲ್ದಿದ್ರೆ ಎದುರಿನವ್ರು ಇದ್ರಲ್ಲ!”

“ಫ್ಯಾನು ಬಿಚ್ಚಿ ಹೊಸ ಪೇಸ್ಟ್ ಹಾಕೋದು, ಅಷ್ಟೇಯ. ಮೊದ್ಲು ಕವಳ ಹಾಕಿ.”

ಎಲೆ ಅಡಿಕೆಯ ಬಟ್ಟಲು ಮುಂದಿಡದೆ ಭಾವ ಯಾರ ಯಂತ್ರದ ಸ್ಕ್ರೂವನ್ನೂ ತಿರುಗಿಸಿದವನಲ್ಲ. ಚಾಲೂ ಮಾಡಿ, ಕಾಯುವುದನ್ನು ನೋಡಿ, ಬಂದ್ ಮಾಡಿದ. ಆಮೇಲೆ ಇಬ್ಬರೂ ಎಲೆಗೆ ಸುಣ್ಣ ಸವರುತ್ತ, ಊರ ಸುದ್ದಿ ಮಾತಾಡುತ್ತ ನಿಧಾನ ಜಗಿದರು. ಅಷ್ಟರಲ್ಲಿ ಚಿಪ್ ತಣಿದು, ಅದರ ಬಿಸಿಯನ್ನು ಫ್ಯಾನಿಗೆ ದಾಟಿಸುವ ಹಳೇ ಪೇಸ್ಟ್ ಎರಡರ ನಡುವೆ ಗಾರೆಯಂತೆ ಬಿಗಿದಿತ್ತು. ಆ ಕಂಪನಿಯದನ್ನು ಬಿಸಿಯಿರುವಾಗಲೇ ಮೆಲ್ಲನೆ ತಿರುಚಿ ಬಿಡಿಸಬೇಕಂತೆ, ನಮಗೆ ಗೊತ್ತಿರಲಿಲ್ಲ. ‘ನಮ್ಮ’ ಚಿಪ್ಪನ್ನಾದರೆ ತಗಡಿನ ಚೌಕಟ್ಟು ಅದುಮಿ ಹಿಡಿದಿರುತ್ತದೆ, ಫ್ಯಾನನ್ನು ನೆಟ್ಟಗೆ ಎಳೆದರೂ ಕದಲದು. ಭಾವ ಇದನ್ನೂ ನೆಟ್ಟಗೆ ಎಳೆದ.

ಫ್ಯಾನಿನ ಜೊತೆ ಚಿಪ್ಪೂ ಕಿತ್ತು ಬಂತು. ಅದರ ಅಡಿಯಲ್ಲಿ ಕೂದಲೆಳೆಯಂಥ ಪಿನ್ನುಗಳು. ಒಂದು ಮೂಲೆಯವು ಗಾಳಿಗೆ ಮಲಗಿದ ಭತ್ತದಂತೆ ಬಾಗಿದ್ದವು.

“ಎಂತ ಆತು ಭಾವಾ?” ಎಂದೆ.

“ಎಂತದೂ ಇಲ್ಲೆ. ನೀ ಸುಮ್ನೆ ಒಂದು ಸೂಜಿ ಕೊಡು.”

ಸೂಜಿಯಿಂದ ಒಂದೊಂದನ್ನೇ ಎತ್ತಿ ನಿಲ್ಲಿಸತೊಡಗಿದ. ಸ್ಟುಡಿಯೋದವರ ಬಾಯಿ ಜಗಿಯುವುದನ್ನು ಬಿಟ್ಟಿತ್ತು. ಮೂಲೆಯ ಪಿನ್ ನೆಟ್ಟಗಾಗುವ ಬದಲು ಮುರಿದು ಮೇಜಿನ ಮೇಲೆ ಬಿತ್ತು.

“ಇನ್ನು ಇದು ನಡೆಯೋದಿಲ್ಲ, ಹೊಸ ಚಿಪ್ಪೇ ತರಿಸಿ ಕೊಡ್ತೇನೆ,” ಎಂದ ಭಾವ.

“ತರಿಸಿ. ಹಾಕೋದು ಮಾತ್ರ ನೀವು ಬ್ಯಾಡ.”

ಅವರು ಬೈಯಲಿಲ್ಲ. ಯಂತ್ರವನ್ನು ಎತ್ತಿಕೊಂಡು ರಸ್ತೆ ದಾಟಿದರು. ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಸೂಜಿ ಕೈಯಲ್ಲೇ ಇತ್ತು.

ದೀಪಾವಳಿಗೆ ಮೊದಲೇ ಅಂಗಡಿ ಮುಚ್ಚಿತು. ಈಗ ಅವನು ಯಲ್ಲಾಪುರದ ಗೋದಾಮೊಂದರಲ್ಲಿ ಅಡಿಕೆ ಚೀಲ ತೂಗುತ್ತಾನೆ. ಅಲ್ಲಿಗೆ ಹೋದವರಿಗೆಲ್ಲ ಕವಳದ ಬಟ್ಟಲು ಮುಂದಿಡುತ್ತಾನೆ. ತಾನು ಮುಟ್ಟುವುದಿಲ್ಲ.