ಹತ್ತಿಯಕ್ಕ ಕೊಟ್ಟ ಮೂರು ಹೆಸರು

ತನ್ನ ಬಗ್ಗೆ ಒಳ್ಳೆಯ ಮಾತು ಹೇಳುವವರನ್ನೆಲ್ಲ ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿದರೆ ಸಾಲಿನ ತಲೆ ತನ್ನ ಮನೆಯ ಹೊಸಿಲಲ್ಲಿರುತ್ತದೆ, ಬಾಲ ಸಮುದ್ರದಲ್ಲಿ ನೆನೆಯುತ್ತಿರುತ್ತದೆ ಎಂದು ಹತ್ತಿಯಕ್ಕ ಹೇಳುತ್ತಿದ್ದಳು. ಸಮುದ್ರವೋ ಅಲ್ಲಿಂದ ಇಡೀ ಒಂದು ರಾತ್ರಿಯ ರೈಲು ಹಾದಿ. ಆದರೆ ಇಪ್ಪತ್ತೆಂಟು ವರ್ಷ ಹಾಸಿಗೆ ಹೊಲಿದವಳ ಮಾತನ್ನು ಅಳೆದು ನೋಡಲು ಯಾರೂ ಟೇಪು ಹಿಡಿದು ಹೊರಡಲಿಲ್ಲ.

ಹತ್ತಿಯಕ್ಕ ಎಂಬ ಹೆಸರು ಅವಳಿಗೆ ತಲೆಯಿಂದ ಬಂದದ್ದು. ಅಲ್ಲಿ ಹತ್ತಿಯ ಎಳೆ ಯಾವುದು, ನರೆಗೂದಲು ಯಾವುದು ಎಂದು ಕಟ್ಟಿಕೊಂಡ ಗಂಡನಿಗೂ ತಿಳಿದಿರಲಿಲ್ಲ. ಹೆಂಡತಿಗೆ ಇನ್ನೂ ವಯಸ್ಸಾಗಿಲ್ಲ ಎಂದುಕೊಂಡೇ ಆ ಪುಣ್ಯಾತ್ಮ ತೀರಿಕೊಂಡ. ಅವಳು ಕೂತು ಕೆಲಸ ಮಾಡುತ್ತಿದ್ದ ಅಂಗಡಿಯ ಹಿಂದಿನ ಕೋಣೆ ಮೋಡದ ಹೊಟ್ಟೆಯ ಹಾಗಿತ್ತು. ಎತ್ತರದ ಒಂದೇ ಕಿಟಕಿಯಿಂದ ಬಿಸಿಲು ಕೋಲಾಗಿ ಇಳಿಯುತ್ತಿತ್ತು. ಆ ಕೋಲಿನೊಳಗೆ ಹತ್ತಿಯ ಎಳೆಗಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಅವಳಿಗೂ ಆತುರವಿರಲಿಲ್ಲ. ಹತ್ತಿಯನ್ನು ಬೆರಳಲ್ಲೇ ಹಿಂಜಿ, ಒಂದೊಂದು ಸಿಪ್ಪೆಯ ಚೂರನ್ನೂ ಹೆಕ್ಕಿ, ಪದರದ ಮೇಲೆ ಪದರ ಹಾಸಿ, ಗವಸು ಮುಚ್ಚಿ, ಉದ್ದನೆಯ ದಬ್ಬಳದಿಂದ ಹೊಲಿಗೆ ಹಾಕುವಷ್ಟರಲ್ಲಿ ಬಿಸಿಲಿನ ಕೋಲು ಈ ಗೋಡೆಯಿಂದ ಆ ಗೋಡೆಗೆ ನಡೆದುಹೋಗಿರುತ್ತಿತ್ತು. ಅವಳ ಹಾಸಿಗೆಯ ಗುಣ ಹೇಳತೀರದು. ಪಕ್ಕದ ಬೀದಿಯ ದರ್ಜಿಯೊಬ್ಬ ಗವಸಿನ ಅಳತೆ ತೆಗೆಯಲೆಂದು ಅದರ ಮೇಲೆ ಒಂದು ಗಳಿಗೆ ಕೂತವನು, ಎದ್ದು ನೋಡುವಾಗ ಪ್ಯಾಂಟಿನ ಫ್ಯಾಷನ್ನೇ ಬದಲಾಗಿತ್ತಂತೆ.

ಹೀಗಿದ್ದ ಅಂಗಡಿ ಒಂದು ದಿನ ಮುಚ್ಚಿತು. ಯಜಮಾನರು ಶಟರ್ ಎಳೆದರು, ಬೀಗ ಹಾಕಿದರು, ಅವಳ ಕೈಗೆ ಅವಳ ದಬ್ಬಳದ ಡಬ್ಬಿ ಕೊಟ್ಟರು. ಒಳ್ಳೆಯದು, ಕೆಟ್ಟದ್ದು ಯಾವ ಮಾತೂ ಆಡದೆ ಮನೆಗೆ ನಡೆದರು.

ಮೂರು ತಿಂಗಳು ಹತ್ತಿಯಕ್ಕ ಮನೆಯಲ್ಲಿ ಕೂತಳು. ಮನೆಯ ದಿಂಬುಗಳನ್ನೆಲ್ಲ ಬಿಚ್ಚಿ ಹೊಲಿದಳು. ಆಮೇಲೆ ಪಕ್ಕದ ಮನೆಯವರ ದಿಂಬುಗಳ ಮೇಲೆ ಕಣ್ಣು ಹಾಕತೊಡಗಿದಾಗ ಅವಳ ತಂಗಿಯ ಮಗಳು ಒಂದು ಅರ್ಜಿ ಹಿಡಿದು ಬಂದಳು. ಇನ್ನೂರು ಮಂಚಗಳ ವಿದ್ಯಾರ್ಥಿ ನಿಲಯವೊಂದರಲ್ಲಿ ಹಾಸಿಗೆಗಳನ್ನು ನೋಡಿಕೊಳ್ಳುವವರು ಬೇಕಾಗಿದ್ದರು. ಹುಡುಗಿ ಹೆಸರು, ವಯಸ್ಸು, ಅನುಭವ ಎಲ್ಲ ತುಂಬಿಸಿ ಕೊನೆಯ ಪುಟದಲ್ಲಿ ಪೆನ್ನು ನಿಲ್ಲಿಸಿದಳು.

"ದೊಡ್ಡಮ್ಮ, ನಿಮ್ಮ ಕೆಲಸ ಗೊತ್ತಿರೋ ಮೂರು ಜನರ ಹೆಸರು, ಫೋನ್ ನಂಬರ್ ಬೇಕಂತೆ. ಅವರಿಗೆ ಇವರು ಫೋನ್ ಮಾಡಿ ವಿಚಾರಿಸ್ತಾರೆ."

"ಮೂರೇ ಸಾಕಾ? ಹಾಳೆ ಉಳಿಸೋ ಜನ. ಬರ್ಕೋ. ಹೆಡ್‌ಮಾಸ್ತರು. ರಿಟೈರ್ ಆದ್ಮೇಲೆ ಹನ್ನೊಂದು ವರ್ಷ ನಿದ್ದೆ ಇರ್ಲಿಲ್ಲ ಅವರಿಗೆ. ನನ್ನ ಹಾಸಿಗೆ ಮೇಲೆ ಮಲಗಿದ ಮೇಲೆ ಹಗಲೂ ಇಲ್ಲ ರಾತ್ರಿಯೂ ಇಲ್ಲ, ಬರೀ ನಿದ್ದೆ."

"ಎರಡನೇದು?"

"ಬಸ್ ಕಂಡಕ್ಟರ್. ಅವರ ಮನೇಲೂ ನನ್ನ ಹಾಸಿಗೆಯೇ. ಮೂರನೇದು ನಮ್ಮ ಅಂಗಡಿ ಯಜಮಾನರು."

"ಸರಿ, ಕೊಡೋದಕ್ಕೆ ಮುಂಚೆ ಮೂವರಿಗೂ ಒಂದು ಮಾತು ಕೇಳಿ ಬನ್ನಿ. ಯಾವ ಕೆಲಸ, ಯಾರು ಫೋನ್ ಮಾಡ್ತಾರೆ, ಯಾವ ಹೊತ್ತಲ್ಲಿ ಮಾಡಿದ್ರೆ ಸಿಗ್ತಾರೆ, ಎಲ್ಲ ಮಾತಾಡ್ಕೋಬೇಕು."

"ಕೇಳೋದೇನಿದೆ? ನಾನೇನು ಅವರ ಕಿಡ್ನಿ ಕೇಳ್ತಿದೀನಾ?"

"ದೊಡ್ಡಮ್ಮ, ಹಾಗಲ್ಲ."

"ಹೂವು ಬಾಡಿದ್ರೂ ವಾಸನೆ ಹೇಳುತ್ತೆ ಅಂತ ಕೇಳಿಲ್ವಾ? ನನ್ನ ಕೆಲಸಾನೇ ಮಾತಾಡುತ್ತೆ, ನೀನು ಬರಿ."

ಮಾತು ದೊಡ್ಡದಾಗಿತ್ತು. ಒಳಗಿನ ಕಾರಣ ಮಾತ್ರ ಹತ್ತಿಬೀಜದಷ್ಟು. ಇಪ್ಪತ್ತೆಂಟು ವರ್ಷಗಳಲ್ಲಿ ಅವಳ ಮುಖ ನೋಡಿ "ಚೆನ್ನಾಗಿ ಮಾಡಿದೀಯ" ಎಂದವರು ಒಬ್ಬರೂ ಇರಲಿಲ್ಲ. ಗಿರಾಕಿಗಳು ಹಾಸಿಗೆ ಹೊತ್ತುಕೊಂಡು ಹೋಗುತ್ತಿದ್ದರು, ಅಷ್ಟೆ. ಈಗ ಹೋಗಿ ಕೇಳಿದರೆ, ಅವರು ತಲೆ ಕೆರೆದುಕೊಂಡು "ಯಾವ ಹಾಸಿಗೆ?" ಎಂದುಬಿಟ್ಟರೆ? ಕೇಳದೆ ಇದ್ದಷ್ಟು ದಿನ ಸಾಲಿನ ಬಾಲ ಸಮುದ್ರದಲ್ಲೇ ಇರುತ್ತದೆ. ಕೇಳಿದರೆ ಅದು ಬೀದಿಯ ತಿರುವಿಗೇ ಮುಗಿದುಹೋಗಬಹುದು.

ಬಂದು ಕಾಣಿ ಎಂದು ವಿದ್ಯಾರ್ಥಿ ನಿಲಯದಿಂದ ಕರೆ ಬಂತು, ಅದೂ ಮಧ್ಯಾಹ್ನ ಎರಡೂವರೆಗೆ. ಲೋಕದಲ್ಲಿ ಬೆಕ್ಕುಗಳೂ ಕೆಲಸ ಮಾಡದ ಹೊತ್ತು. ಆಫೀಸಿನ ಕಿಟಕಿಗೆ ತೆಳು ಹಸಿರು ಪರದೆ ಇತ್ತು. ಫ್ಯಾನ್ ತಿರುಗಿದಂತೆ ಅದು ಉಬ್ಬಿ ತಗ್ಗುತ್ತ ಇಡೀ ಕೋಣೆಯನ್ನು ಕೆರೆಯ ತಳದಂತೆ ಮಾಡಿತ್ತು. ಮೇಜಿನ ಆಚೆ ಮೇಲ್ವಿಚಾರಕಿ ಮೇಡಂ. ಕಣ್ಣಿನ ಕೆಳಗೆ ಕಾಡಿಗೆ ಜಾರಿದಂಥ ಕಪ್ಪು. ಅವರ ಬೆನ್ನ ಹಿಂದಿನ ವರಾಂಡದಲ್ಲಿ ಗಂಟುಗಂಟಾದ ಹಾಸಿಗೆಗಳ ಗುಡ್ಡ. ಹತ್ತಿಯಕ್ಕನಿಗೆ ಅವನ್ನು ಕಂಡು ಮೈಮೇಲೆ ಮುಳ್ಳೆದ್ದಿತು. ಒಂದೊಂದೂ ಬೆಲ್ಲದ ಮೂಟೆಯ ಹಾಗಿತ್ತು.

"ನೀವು ಕೊಟ್ಟಿರೋ ಹೆಸರುಗಳಿಗೆ ನಿಮ್ಮೆದುರಿಗೇ ಫೋನ್ ಮಾಡ್ತೀನಿ. ಬೆನ್ನ ಹಿಂದೆ ವಿಚಾರಿಸೋದು ನನಗಾಗಲ್ಲ," ಎಂದು ಮೇಡಂ ಸ್ಪೀಕರ್ ಒತ್ತಿದರು.

ಹೆಡ್‌ಮಾಸ್ತರರ ಮನೆಯಲ್ಲಿ ಅವರ ಹೆಂಡತಿ ಪಿಸುದನಿಯಲ್ಲಿ ಮಾತಾಡಿದರು. "ಮಲಗಿದಾರೆ."

"ಒಂದೇ ನಿಮಿಷ ಎಬ್ಬಿಸ್ತೀರಾ?"

"ಹೋದ ವಾರ ಎದುರು ಮನೆಗೆ ಬೆಂಕಿ ಬಿದ್ದಿತ್ತು. ಆಗ್ಲೂ ನಾನು ಎಬ್ಬಿಸಲಿಲ್ಲ," ಎಂದು ಆಕೆ ಫೋನನ್ನು ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಇಟ್ಟರು.

ಎರಡನೆಯ ಫೋನನ್ನು ಕಂಡಕ್ಟರ್ ತಾನೇ ಎತ್ತಿದ. ಎತ್ತಿದ್ದು ಕೈ ಮಾತ್ರ, ಆಸಾಮಿ ಇನ್ನೂ ಎದ್ದಿರಲಿಲ್ಲ. "ಒಳಗೆ ಹೋಗಿ, ಒಳಗೆ ಹೋಗಿ," ಎಂದ. "ಬಾಗಿಲಲ್ಲಿ ನಿಲ್ಲಬೇಡಿ. ಹಿಂದೆ ಖಾಲಿ ಇದೆ."

"ನಮಸ್ಕಾರ. ಹಾಸಿಗೆ ಹೊಲಿಯೋರ ವಿಚಾರ ಕೇಳಬೇಕಿತ್ತು."

"ಆ ಸ್ಟಾಪ್ ಹೋಯ್ತು," ಎಂದ ಕಂಡಕ್ಟರ್, ಮತ್ತು ಗೊರಕೆಗೆ ಇಳಿದ.

ಗೊರಕೆ ಎಂದರೆ ಅದು ಗರಗಸದ ಗೊರಕೆಯಲ್ಲ. ದಡಕ್ಕೆ ಬಂದು ಸಾವಕಾಶವಾಗಿ ಹಿಂದೆ ಸರಿಯುವ ಅಲೆಯ ಗೊರಕೆ. ಸ್ಪೀಕರಿನಿಂದ ಹೊರಟು ಅದು ಮೇಜಿನ ಮೇಲೆ ಹರಡಿತು, ಹಸಿರು ಪರದೆಯನ್ನು ತನ್ನ ಲಯಕ್ಕೆ ಎಳೆದುಕೊಂಡಿತು. ಬಾಗಿಲ ಬಳಿಯ ಸ್ಟೂಲಿನ ಮೇಲಿದ್ದ ಜವಾನನ ಗದ್ದ ಎದೆಗೆ ತಾಗಿತು. ಗೋಡೆ ಗಡಿಯಾರದ ದೊಡ್ಡ ಮುಳ್ಳು ಒಂದು ನಿಮಿಷ ತೂಕಡಿಸಿ ಆಮೇಲೆ ನಾಚಿಕೊಂಡು ಮುಂದೆ ಹೋಯಿತು. ಫೋನ್ ಇಡಬೇಕಾಗಿದ್ದ ಮೇಡಂ ಕೈಯನ್ನು ಗಾಳಿಯಲ್ಲೇ ಮರೆತು ಕೂತಿದ್ದರು. ಹತ್ತಿಯಕ್ಕನಿಗೋ, ತಾನು ಮತ್ತೆ ಆ ಹಿಂದಿನ ಕೋಣೆಯಲ್ಲಿದ್ದಂತೆ, ಬಿಸಿಲಿನ ಕೋಲು ಮಡಿಲಿಗೆ ಇಳಿದಂತೆ, ಈ ಕಟ್ಟಡದ ಇನ್ನೂರು ಮಂಚಗಳೂ ಹಗುರವಾಗಿ ನೆಲ ಬಿಟ್ಟು ಕಿಟಕಿಗಳಿಂದಾಚೆ ತೇಲಿ ಹೋಗುತ್ತಿರುವಂತೆ ಕಂಡಿತು. ಎಷ್ಟು ಹೊತ್ತು ಹಾಗಿತ್ತೋ. ಆ ನಿಲಯದವರು ಇವತ್ತಿಗೂ ಅದನ್ನು ಅರ್ಧ ದಿನ ಎನ್ನುತ್ತಾರೆ.

ಮೇಡಂ ಬೆಚ್ಚಿ ಫೋನ್ ಇಟ್ಟರು. ಕಣ್ಣುಜ್ಜಿಕೊಂಡರು. "ಇನ್ನೊಬ್ಬರಿದಾರೆ," ಎಂದರು. ದನಿಯಲ್ಲಿ ನಂಬಿಕೆ ಇರಲಿಲ್ಲ. ಹುಡುಗಿ ಹೇಳಿದ್ದನ್ನು ಕೇಳಿ ಮೂವರ ಮನೆಗೂ ಒಮ್ಮೆ ಹೋಗಿ ಬಂದಿದ್ದರೆ ಹತ್ತಿಯಕ್ಕನ ಗಂಟೇನೂ ಹೋಗುತ್ತಿರಲಿಲ್ಲ. ಮೂರು ಹೆಸರಲ್ಲಿ ಎರಡು ನೀರುಪಾಲು. ಉಳಿದದ್ದು ಯಜಮಾನರು.

ಅವರು ಮೊದಲ ಗಂಟೆಗೇ ಎತ್ತಿದರು. ಪೂರ್ತಿ ಎಚ್ಚರವಾಗಿದ್ದರು.

"ಹೌದು, ನನ್ನ ಹತ್ರಾನೇ ಇದ್ಲು. ನಿಧಾನ ಅಂದ್ರೆ ನಿಧಾನ. ಬೇರೆಯವರು ಎರಡು ಹಾಸಿಗೆ ಮುಗಿಸೋ ಹೊತ್ತಿಗೆ ಇವಳು ಇನ್ನೂ ಹತ್ತಿ ಜೊತೆ ಸುಖದುಃಖ ಮಾತಾಡ್ತಾ ಕೂತಿರ್ತಿದ್ಲು."

ಹತ್ತಿಯಕ್ಕ ನೆಲ ನೋಡಿದಳು.

"ಬೇರೇನಾದ್ರೂ ಹೇಳ್ತೀರಾ?" ಎಂದರು ಮೇಡಂ.

"ಬೇರೆ ಏನಿದೆ? ನನ್ನ ಅಂಗಡಿ ಮುಚ್ಚಿಸಿದ್ದೇ ಅವಳು."

ಮೇಡಂ ಪೆನ್ನು ಕೆಳಗಿಟ್ಟರು. "ಅಂದ್ರೆ?"

"ಹಾಸಿಗೆ ಅಂದ್ಮೇಲೆ ಮೂರು ವರ್ಷಕ್ಕೊಮ್ಮೆ ಗಂಟುಗಟ್ಟಬೇಕಮ್ಮ. ಗಿರಾಕಿ ಹೊತ್ಕೊಂಡು ಬರಬೇಕು. ನಾವು ಬಿಚ್ಚಬೇಕು, ಹಿಂಜಬೇಕು, ಮತ್ತೆ ಹೊಲೀಬೇಕು. ಅಂಗಡಿ ನಡೆಯೋದೇ ಅದರ ಮೇಲೆ. ಇವಳು ಹೊಲಿದದ್ದು ಒಂದೂ, ಒಂದೇ ಒಂದೂ ವಾಪಸ್ ಬರಲಿಲ್ಲ. ಇಪ್ಪತ್ತೆಂಟು ವರ್ಷ ಬಾಗಿಲು ಕಾದೆ. ಮದುವೆ ಮಾಡಿ ಕೊಟ್ಟ ಹೆಣ್ಣಾದ್ರೂ ವರ್ಷಕ್ಕೊಮ್ಮೆ ತವರಿಗೆ ಬರ್ತಾಳೆ. ಬೇಗ ಬೇಗ ಹೊಲಿ ಅಂತ ಎಷ್ಟು ಬಡ್ಕೊಂಡೆ. ಕೇಳಿದ್ರೆ ತಾನೆ. ನಿಮಗೂ ಅದೇ ಗತಿ, ನೋಡ್ಕೊಳ್ಳಿ." ಫೋನ್ ಕಟ್ಟಾಯಿತು.

ಒಂದೂ ವಾಪಸ್ ಬಂದಿಲ್ಲವೆಂದು ಹತ್ತಿಯಕ್ಕನಿಗೆ ಗೊತ್ತೇ ಇರಲಿಲ್ಲ. ಬಂದವು ತನ್ನ ಕಣ್ಣಿಗೆ ಬೀಳದೆ ಅಂಗಡಿಯ ಮುಂದಿನ ಕೋಣೆಯಲ್ಲಿ ಹೊಲಿಯುವವರ ಪಾಲಿಗೆ ಹೋಗುತ್ತಿವೆ ಎಂದುಕೊಂಡಿದ್ದಳು. ಇಷ್ಟು ವರ್ಷ ಹಿಂದಿನ ಕೋಣೆಯಲ್ಲಿ ಕೂತು ಅವಳು ಕಾದಿದ್ದ ಮಾತು ಕೊನೆಗೂ ಬಂದಿತ್ತು, ಅದೂ ಬೈಗುಳದ ವೇಷ ಹಾಕಿಕೊಂಡು.

ಮೇಡಂ ಕುರ್ಚಿ ತಿರುಗಿಸಿ ವರಾಂಡದ ಗುಡ್ಡವನ್ನು ನೋಡಿದರು. ವರ್ಷ ವರ್ಷ ರಿಪೇರಿಗೆ ಹೋಗಿ, ಬಂದ ತಿಂಗಳಲ್ಲೇ ಮತ್ತೆ ಗಂಟುಗಟ್ಟುವ ಗುಡ್ಡ ಅದು.

"ಸೋಮವಾರದಿಂದ ಬನ್ನಿ," ಎಂದರು. "ನಿಧಾನವಾಗಿಯೇ ಮಾಡಿ. ಮೊದಲನೇದು ನನ್ನ ರೂಮಿನದು."

ಹತ್ತಿಯಕ್ಕ ಎದ್ದು ಕೈ ಮುಗಿದಳು. ಮೇಡಂ ಅರ್ಜಿಯ ಕೊನೆಯ ಪುಟ ತೆರೆದು, ಮೂರು ಹೆಸರಿನ ಮುಂದಿದ್ದ ಖಾಲಿ ಜಾಗವನ್ನು ನೋಡಿ ತಲೆ ಅಲ್ಲಾಡಿಸಿದರು.

"ಇಲ್ಲಿ ನಾನು ಏನಂತ ಬರೀಲಿ ಹೇಳಿ. ಇಬ್ಬರು ನಿದ್ದೆ, ಒಬ್ಬರು ಜಗಳ. ಅಲ್ರೀ, ಎಚ್ಚರವಾಗಿದ್ದು ನಾಲ್ಕು ಒಳ್ಳೆ ಮಾತು ಹೇಳೋರು ಒಬ್ಬರಾದ್ರೂ ನಿಮಗೆ ಸಿಗಲಿಲ್ವಾ?"

"ಎಚ್ಚರವಾಗಿರೋರೆಲ್ಲ ಬೇರೆ ಅಂಗಡಿ ಗಿರಾಕಿಗಳು ಮೇಡಂ," ಎಂದಳು ಹತ್ತಿಯಕ್ಕ.