ಬಾಯಿ ಮೇಲಿನ ಅಂಗೈ

1948ರ ಬೇಸಿಗೆಯಲ್ಲಿ, ರಜಾಕಾರರು ಊರಿನತ್ತ ಬರುತ್ತಿದ್ದಾರೆ ಎಂಬ ಸುದ್ದಿ ಕೇಳಿ, ನನ್ನ ತಾಯಿಯ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಇಬ್ಬರು ಹೆಣ್ಣುಮಕ್ಕಳೊಂದಿಗೆ ಹಗೇವಿಗೆ ಇಳಿದಳು. ಹಗೇವು ಎಂದರೆ ಜೋಳ ಕಾಪಿಡುವ ನೆಲದಡಿಯ ಕಣಜ. ಮುಚ್ಚಳ ತೆರೆದ ಮೇಲೆ ಅರ್ಧ ದಿನ ಗಾಳಿಯಾಡಲು ಬಿಡಬೇಕು. ಅಂದು ಯಾರೂ ಕಾಯಲಿಲ್ಲ. ಒಳಗೆ ಅವರಲ್ಲಿ ಚಿಕ್ಕದಾದ ಕೂಸು ಅಳತೊಡಗಿತು. ಆಯಿ ಅದರ ಬಾಯಿಯ ಮೇಲೆ ಅಂಗೈ ಇಟ್ಟಳು. ಮೇಲೆ ಬಂದಾಗ ಕೂಸು ಸತ್ತಿತ್ತು. ಕೊಂದದ್ದು ಒಳಗಿನ ಕೆಟ್ಟ ಗಾಳಿಯೋ, ಕೈಯೋ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಉಳಿದ ಐದು ವರ್ಷದ ಹುಡುಗಿ ನನ್ನ ಅವ್ವ.

ಅವ್ವ ಇದನ್ನು ನನಗೆ ಒಮ್ಮೆ ಮಾತ್ರ, ಜೋಳ ಹಸನು ಮಾಡುತ್ತ ಹೇಳಿದಳು. ಆದರೆ ನಾನು ಅತ್ತಾಗಲೆಲ್ಲ ಅವಳ ಅಂಗೈ ನನ್ನ ಬಾಯಿಗೆ ಬಂದು ಕೂಡುತ್ತಿತ್ತು. ಹಿಟ್ಟಿನ ವಾಸನೆಯ ಒರಟು ಕೈ. ನನಗೆ ಅದರ ಮೇಲೆ ಸಿಟ್ಟಿತ್ತು. ಮಗಳು ಹುಟ್ಟಿದ ಮೇಲೆ ನಾನೂ ಅದನ್ನೇ ಮಾಡಿದೆ.

ಆ ಮಗಳು ಈಗ ಜೇವರ್ಗಿಯಲ್ಲಿ ಶಿಕ್ಷಕಿ. ಈ ಸಲ ಸಂಕ್ರಾಂತಿ ಮುಗಿದ ಮೇಲೆ ಬಾಣಂತನಕ್ಕೆ ಅಫಜಲಪುರದ ನಮ್ಮ ಮನೆಗೆ ಬಂದಳು. ಹೆರಿಗೆಯಾದ ಹನ್ನೆರಡನೆಯ ದಿನ, ಎಣ್ಣೆ ಹಚ್ಚುವಾಗ ಕೂಸು ಕಿರುಚಿತು. ನನ್ನ ಕೈ ಅದರ ಬಾಯಿಯ ಮೇಲಿತ್ತು.

"ಅವ್ವಾ, ಕೈ ತಗಿ! ತಗಿ ಅಂದ್ನಿ!"

"ಯಾಕ ಚೀರ್ತಿ ಬೇ? ಬಾಜೂ ಮನಿಗೆ ಕೇಳ್ತದ."

"ಕೇಳ್ಲಿ. ರಜಾಕಾರರು ಹೋಗಿ ಜಮಾನಾ ಆತು. ಬಾಜೂ ಮನ್ಯಾಗ ಧಾರಾವಾಹಿ ನೋಡಾಕತ್ತಾರ, ಬಂದೂಕ ಹಿಡಕೊಂಡು ಬರ್ತಾರೇನು?"

"ಇದೇ ಕೈಲೆ ನಿನ್ನ ಬೆಳಸೇನಿ."

"ಗೊತ್ತದ. ಅದಕ್ಕ ಇವತ್ತಿಗೂ ಅಳು ಬಂದ್ರ ನನ್ನ ಕೈ ನನ್ನ ಬಾಯಿಗೇ ಹೋಗ್ತದ."

ಓದುವಾಗ ಆಳಂದದ ಹಾಸ್ಟೆಲ್‌ನಲ್ಲಿ ಗೆಳತಿಯರು ಆ ಕೈ ಹಿಡಿದು ಕೂತು, ದನಿ ತೆಗೆದು ಅಳುವುದನ್ನು ಅವಳಿಗೆ ಕಲಿಸಿದ್ದರಂತೆ. ಮೊದಲ ಸಲ ಬರೀ ಕೆಮ್ಮು ಬಂದಿತ್ತಂತೆ. ಇದನ್ನು ಅವಳು ಚೀಲಕ್ಕೆ ಬಟ್ಟೆ ತುಂಬುತ್ತ ಹೇಳಿದಳು. ಮರುದಿನ ತೊಟ್ಟಿಲ ಕಾರ್ಯವಿತ್ತು. ಹೆಸರಿಡುವ ಮೊದಲೇ ಬಾಣಂತಿ ತವರು ಬಿಟ್ಟರೆ ಓಣಿಯವರು ಏನಂದಾರು ಎಂದೆ.

"ಓಣಿ ಬಾಯಿಗೂ ಕೈ ಇಡು," ಎಂದು ಗಾಡಿ ಹತ್ತಿದಳು.

ಮೂರು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಆಮೇಲೆ ಒಂದು ಷರತ್ತಿನ ಮೇಲೆ ಕರೆದಳು: ಕೂಸು ಅತ್ತರೆ ನನ್ನ ಎರಡೂ ಕೈ ಅದರ ಬೆನ್ನಡಿ ಇರಬೇಕು. ಹೋದ ಭಾನುವಾರ ಜೇವರ್ಗಿಗೆ ಹೋದೆ. ಕೂಸು ನನ್ನ ತೊಡೆಯ ಮೇಲೆ ದೊಡ್ಡ ದನಿಯಲ್ಲಿ ಅತ್ತಿತು. ಮಗಳು ಬಾಗಿಲಲ್ಲಿ ನಿಂತು ನನ್ನ ಕೈಗಳನ್ನು ನೋಡುತ್ತಿದ್ದಳು. ಅಳು ನಿಲ್ಲುವವರೆಗೆ ಅವು ಬೆನ್ನಡಿಯೇ ಇದ್ದವು.

ಕೂಸನ್ನು ನನ್ನೊಬ್ಬಳ ಬಳಿ ಬಿಟ್ಟು ಅವಳು ಇನ್ನೂ ಹೊರಗೆ ಹೋಗಿಲ್ಲ.